ಗೋಡೆಯೊಳಗಿನ ಕರೆಂಟು ಮನೆಯ ದಿಕ್ಕನ್ನು ತಿರುಗಿಸುತ್ತದೆಯೇ?

ಪ್ರಶ್ನೆ: ಸರ್, ದಾವಣಗೆರೆಯಲ್ಲಿ 30×40 ಅಡಿಯ ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಪಾಯ ತೆಗೆಯುವ ಮುಂಚೆ ವಾಸ್ತು ನೋಡುವವರು ದಿಕ್ಸೂಚಿ ಇಟ್ಟು, ಮುಂಬಾಗಿಲು ಸರಿಯಾಗಿ ಪೂರ್ವಕ್ಕೆ ಬರುತ್ತದೆ ಎಂದಿದ್ದರು. ಈಗ ಗೋಡೆ, ಆರ್‌ಸಿಸಿ, ವೈರಿಂಗ್ ಎಲ್ಲ ಮುಗಿದಿದೆ. ಮುಂಬಾಗಿಲ ಪಕ್ಕದ ಪಿಲ್ಲರಿನ ಬಳಿ ಮೀಟರ್ ಬೋರ್ಡು ಕೂರಿಸಿದ್ದೇವೆ; ಮೀಟರ್ ಮುಂದಿನ ವಾರ ಬರಬೇಕು. ಮೊನ್ನೆ ಅವರೇ ಮತ್ತೆ ಬಂದು ಬಾಗಿಲ ಹತ್ತಿರ ದಿಕ್ಸೂಚಿ ಇಟ್ಟರೆ ಮುಳ್ಳು ಮೊದಲಿನ ಜಾಗದಿಂದ ಸುಮಾರು 25 ಡಿಗ್ರಿ ಪಕ್ಕಕ್ಕೆ ನಿಂತಿತು. ಹಾಲ್ ನಡುವೆ ಇಟ್ಟರೆ ಇನ್ನೊಂದು ಲೆಕ್ಕ, ನನ್ನ ಮೊಬೈಲಿನಲ್ಲಿ ಮತ್ತೊಂದು. “ವೈರಿಂಗಿನ ಕಾಂತಶಕ್ತಿ ಮನೆಯ ದಿಕ್ಕನ್ನೇ ಕೆಡಿಸಿದೆ, ಬೋರ್ಡನ್ನು ಆಗ್ನೇಯಕ್ಕೆ ಸಾಗಿಸಿ, ಮಲಗುವ ಕೋಣೆಯಲ್ಲಿ ತಲೆದೆಸೆಯ ವೈರ್ ತೆಗೆಸಿ” ಎನ್ನುತ್ತಿದ್ದಾರೆ. ಎಲೆಕ್ಟ್ರಿಷಿಯನ್ 40 ಸಾವಿರ ರೂಪಾಯಿ ಹೇಳಿದ್ದಾರೆ. ನಾನು ನಂಬಿರಲಿಲ್ಲ. ಆದರೆ ಹತ್ತನೇ ತರಗತಿಯ ಮಗಳು ಪಾಠದ ಪ್ರಯೋಗ ಎಂದು ಟಾರ್ಚಿನ ಸೆಲ್‌ಗೆ ಒಂದು ವೈರ್ ತುಂಡು ಮುಟ್ಟಿಸಿ ದಿಕ್ಸೂಚಿಯ ಮೇಲೆ ಹಿಡಿದಳು. ಮೊದಲ ಸಲ ಏನೂ ಆಗಲಿಲ್ಲ; ವೈರನ್ನು ಬೇರೆ ಕಡೆಗೆ ತಿರುಗಿಸಿ ಹಿಡಿದಾಗ ಮುಳ್ಳು ಸರಕ್ಕನೆ ತಿರುಗಿಬಿಟ್ಟಿತು. ಒಂದೂವರೆ ವೋಲ್ಟಿನ ಸೆಲ್ ಇಷ್ಟು ಮಾಡಿದರೆ 230 ವೋಲ್ಟ್ ಏನು ಮಾಡಲಿಕ್ಕಿಲ್ಲ? ರಸ್ತೆಯಲ್ಲಿ 11 ಕೆವಿ ಲೈನ್ ಬೇರೆ ಹಾದುಹೋಗಿದೆ. ಆರೋಗ್ಯಕ್ಕೂ ತೊಂದರೆ ಇದೆಯೇ? ಗೃಹಪ್ರವೇಶಕ್ಕೆ ಇನ್ನು ಮೂರೇ ವಾರ. ಬೋರ್ಡು ಬದಲಿಸಲೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಒಂದು ಸಾಲು ಕಣ್ಣಿಗೆ ಬಿತ್ತು: “ಮೀಟರ್ ಮುಂದಿನ ವಾರ ಬರಬೇಕು.” ಅಂದರೆ ಮೊನ್ನೆ ನಿಮ್ಮ ಬಾಗಿಲ ಬಳಿ ಮುಳ್ಳು 25 ಡಿಗ್ರಿ ಸರಿದಾಗ ಆ ಗೋಡೆಯೊಳಗಿನ ಯಾವ ತಂತಿಯಲ್ಲೂ ಕರೆಂಟು ಇರಲಿಲ್ಲ. ಕಟ್ಟಡದ ಕೆಲಸಕ್ಕೆ ತಾತ್ಕಾಲಿಕ ಸಂಪರ್ಕ ಪಡೆದಿದ್ದರೂ ಅದು ಹೊರಗಿನ ಬೋರ್ಡಿನಿಂದ ಮಿಕ್ಸರಿಗೋ ಪಂಪಿಗೋ ಹೋಗಿರುತ್ತದೆಯೇ ಹೊರತು ಹೊಸ ವೈರಿಂಗಿನೊಳಗೆ ಬಂದಿರುವುದಿಲ್ಲ. ಕರೆಂಟು ಹರಿಯದ ತಾಮ್ರದ ತಂತಿ ದಿಕ್ಸೂಚಿಯ ಮಟ್ಟಿಗೆ ಒಂದು ತುಂಡು ಹಗ್ಗಕ್ಕಿಂತ ಹೆಚ್ಚಿನದಲ್ಲ. ತಾಮ್ರ ಅಯಸ್ಕಾಂತಕ್ಕೆ ಅಂಟುವ ಲೋಹವೇ ಅಲ್ಲ. ಆದ್ದರಿಂದ ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಇಲ್ಲೇ ಮುಗಿಯಿತು ಎನ್ನಬಹುದಿತ್ತು. ಆದರೆ ನಿಮ್ಮ ಮಗಳು ಕಣ್ಣಾರೆ ಕಂಡದ್ದೂ ಸುಳ್ಳಲ್ಲ, ಮುಳ್ಳು ಸರಿದದ್ದೂ ಸುಳ್ಳಲ್ಲ. ಎರಡಕ್ಕೂ ಕಾರಣ ಹೇಳದೆ “ಏನೂ ಆಗುವುದಿಲ್ಲ ಬಿಡಿ” ಎಂದರೆ ಮುಂದಿನ ವಾರ ಮೀಟರ್ ಬಂದ ಮೇಲೆ ನಿಮಗೆ ಮತ್ತೆ ಅನುಮಾನ ಹುಟ್ಟುತ್ತದೆ.

ಮೊದಲು ಮಗಳ ಪ್ರಯೋಗ. ಅದನ್ನು ನಾನು ಮೂವತ್ತು ವರ್ಷ ಪದವಿಪೂರ್ವ ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಿಸಿದ್ದೇನೆ. ಅವಳಿಗೆ ಮೊದಲ ಸಲ ಅದು ಕೈಕೊಟ್ಟದ್ದು ನನಗೆ ಹೆಚ್ಚು ಸಂತೋಷ ಕೊಟ್ಟ ಸುದ್ದಿ, ಏಕೆಂದರೆ ಇಡೀ ವಿಷಯದ ಗುಟ್ಟು ಅಲ್ಲಿಯೇ ಇದೆ. ಅವಳು ಮೊದಲು ವೈರನ್ನು ಪೂರ್ವ-ಪಶ್ಚಿಮವಾಗಿ ಹಿಡಿದಿದ್ದಿರಬೇಕು, ಆಮೇಲೆ ಉತ್ತರ-ದಕ್ಷಿಣವಾಗಿ.

1800ರಲ್ಲಿ ಇಟಲಿಯ ವೋಲ್ಟಾ ಬ್ಯಾಟರಿಯನ್ನು ಜಗತ್ತಿಗೆ ತಿಳಿಸಿದ ಮೇಲೆ ಇಪ್ಪತ್ತು ವರ್ಷ ಯುರೋಪಿನ ವಿಜ್ಞಾನಿಗಳ ಮೇಜಿನ ಮೇಲೆ ಬ್ಯಾಟರಿಯೂ ಇತ್ತು, ದಿಕ್ಸೂಚಿಯೂ ಇತ್ತು. ಸಿಡಿಲು ಬಡಿದ ಹಡಗುಗಳ ದಿಕ್ಸೂಚಿ ತಲೆಕೆಳಗಾದ ಕತೆಗಳೂ ಎಲ್ಲರಿಗೆ ಗೊತ್ತಿದ್ದವು. ಆದರೂ ಎರಡರ ನಂಟು ಕೈಗೆ ಸಿಕ್ಕಿರಲಿಲ್ಲ. 1820ರ ವಸಂತದಲ್ಲಿ ಕೋಪನ್‌ಹೇಗನ್ನಿನ ಹಾನ್ಸ್ ಕ್ರಿಶ್ಚಿಯನ್ ಓರ್ಸ್ಟೆಡ್ ತಮ್ಮ ಉಪನ್ಯಾಸವೊಂದರಲ್ಲಿ ಬ್ಯಾಟರಿಗೆ ಜೋಡಿಸಿದ ತಂತಿಯನ್ನು ದಿಕ್ಸೂಚಿಯ ಮೇಲೆ ಹಿಡಿದರು. ಮುಳ್ಳು ಅಲುಗಾಡಿತು, ಅದೂ ತೀರ ಸ್ವಲ್ಪ. ಪಾಠ ಮಾಡುತ್ತಿದ್ದಾಗ ಅಕಸ್ಮಾತ್ತಾಗಿ ಕಂಡುಹಿಡಿದರು ಎಂಬ ಕತೆಯನ್ನು ಮೇಷ್ಟರುಗಳು ಈಗಲೂ ಹೇಳುತ್ತಾರೆ, ನಾನೂ ಮೊದಮೊದಲು ಹೇಳಿದ್ದೇನೆ. ಅದು ಪೂರ್ತಿ ನಿಜವಲ್ಲ. ವಿದ್ಯುತ್ತು ಕಾಂತದ ಮೇಲೆ ಪರಿಣಾಮ ಬೀರುತ್ತದೆಯೇ ಎಂದು ನೋಡಬೇಕು ಎಂದು ಅವರು ಎಂಟು ವರ್ಷ ಮುಂಚೆಯೇ ಬರೆದಿದ್ದರು. ಹುಡುಕುತ್ತಲೇ ಇದ್ದವರಿಗೆ ಸಿಕ್ಕಿತು. ಜುಲೈ ತಿಂಗಳಲ್ಲಿ ದೊಡ್ಡ ಬ್ಯಾಟರಿಯೊಂದಿಗೆ ಮತ್ತೆ ಮಾಡಿ ನೋಡಿ, 21ರಂದು ಲ್ಯಾಟಿನ್ನಿನಲ್ಲಿ ನಾಲ್ಕು ಪುಟದ ಕಿರುಹೊತ್ತಿಗೆ ಅಚ್ಚು ಹಾಕಿಸಿ ಊರೂರಿನ ಪಂಡಿತರಿಗೆ ಕಳುಹಿಸಿದರು.

ಆ ನಾಲ್ಕು ಪುಟ ಓದಿದವರು ಬೆಚ್ಚಿದ್ದು ಮುಳ್ಳು ಅಲುಗಿತೆಂದಲ್ಲ, ಅಲುಗಿದ ರೀತಿಗೆ. ಅಲ್ಲಿಯವರೆಗೆ ತಿಳಿದಿದ್ದ ಬಲಗಳೆಲ್ಲ ಎಳೆಯುತ್ತಿದ್ದವು ಇಲ್ಲವೇ ತಳ್ಳುತ್ತಿದ್ದವು. ಭೂಮಿ ಕಲ್ಲನ್ನು ಎಳೆಯುತ್ತದೆ, ಅಯಸ್ಕಾಂತ ಮೊಳೆಯನ್ನು ಎಳೆಯುತ್ತದೆ. ಈ ತಂತಿ ಮುಳ್ಳನ್ನು ತನ್ನ ಕಡೆಗೆ ಎಳೆಯಲೂ ಇಲ್ಲ, ತಳ್ಳಲೂ ಇಲ್ಲ, ಅಡ್ಡಕ್ಕೆ ತಿರುಗಿಸಿತು. ತಂತಿಯನ್ನು ಮುಳ್ಳಿನ ಮೇಲೆ ಹಿಡಿದರೆ ಒಂದು ಕಡೆಗೆ, ಕೆಳಗೆ ಹಿಡಿದರೆ ಅದಕ್ಕೆ ವಿರುದ್ಧ ಕಡೆಗೆ. ಕಾರಣ, ತಂತಿಯ ಕಾಂತಕ್ಷೇತ್ರ ತಂತಿಯಿಂದ ಹೊರಕ್ಕೆ ಚಿಮ್ಮುವುದಿಲ್ಲ, ತಂತಿಯ ಸುತ್ತ ಸುತ್ತುತ್ತದೆ. ಎಣ್ಣೆಗಾಣ ನೋಡಿದವರಿಗೆ ಇದನ್ನು ಹೇಳುವುದು ಸುಲಭ: ತಂತಿ ನಡುವಿನ ಕಂಬವಾದರೆ ಕಾಂತಕ್ಷೇತ್ರ ಅದರ ಸುತ್ತ ತಿರುಗುವ ಎತ್ತು. ಎತ್ತು ಕಂಬದತ್ತ ಬರುವುದಿಲ್ಲ, ಕಂಬದಿಂದ ದೂರ ಓಡುವುದೂ ಇಲ್ಲ. ಬಲಗೈ ಹೆಬ್ಬೆರಳನ್ನು ಕರೆಂಟು ಹರಿಯುವ ದಿಕ್ಕಿಗೆ ಚಾಚಿ ತಂತಿಯನ್ನು ಹಿಡಿದಂತೆ ಮಾಡಿದರೆ ಉಳಿದ ಬೆರಳುಗಳು ಸುತ್ತುವ ಕಡೆಗೆ ಎತ್ತು ಸುತ್ತುತ್ತದೆ. ನಿಮ್ಮ ಮಗಳ ಪುಸ್ತಕದಲ್ಲಿ ಇದೇ ಬಲಗೈ ಹೆಬ್ಬೆರಳು ನಿಯಮ.

ಈಗ ಅವಳ ವೈರಿಗೆ ಬನ್ನಿ. ವೈರ್ ಮುಳ್ಳಿನ ಮೇಲೆ, ಮುಳ್ಳಿನ ಉದ್ದಕ್ಕೇ, ದಕ್ಷಿಣದಿಂದ ಉತ್ತರಕ್ಕೆ ಕರೆಂಟು ಹರಿಯುವಂತೆ ಇದ್ದರೆ ವೈರಿನ ಕೆಳಗೆ ಕಾಂತಕ್ಷೇತ್ರ ಪಶ್ಚಿಮದ ಕಡೆಗೆ ಇರುತ್ತದೆ. ಭೂಮಿ ಮುಳ್ಳನ್ನು ಉತ್ತರಕ್ಕೆ ಜಗ್ಗುತ್ತದೆ, ವೈರ್ ಪಶ್ಚಿಮಕ್ಕೆ. ಮುಳ್ಳು ನಡುವೆ ಎಲ್ಲೋ ವಾಯವ್ಯದತ್ತ ನಿಲ್ಲುತ್ತದೆ. ವೈರನ್ನು ಪೂರ್ವ-ಪಶ್ಚಿಮಕ್ಕೆ ಹಿಡಿದರೆ ಅದರ ಕಾಂತಕ್ಷೇತ್ರ ಉತ್ತರ-ದಕ್ಷಿಣದ ಸಾಲಿಗೇ ಬರುತ್ತದೆ. ಅದು ಉತ್ತರಕ್ಕಿದ್ದರೆ ಭೂಮಿಯ ಜೊತೆ ಸೇರಿ ಮುಳ್ಳನ್ನು ಇನ್ನೂ ಗಟ್ಟಿಯಾಗಿ ಅಲ್ಲೇ ಹಿಡಿದುಕೊಳ್ಳುತ್ತದೆ. ದಕ್ಷಿಣಕ್ಕಿದ್ದು ಭೂಮಿಗಿಂತ ಸೋತಿದ್ದರೆ ಮುಳ್ಳು ಅಲುಗುವುದಿಲ್ಲ, ಗೆದ್ದರೆ ಮುಳ್ಳು ಪೂರ್ತಿ ಹಿಂದುಮುಂದಾಗಿ ತಿರುಗಿಬಿಡುತ್ತದೆ. ಆದ್ದರಿಂದ ಮೊದಲ ಸಲ ಆಗದೆ ಹೋದದ್ದು ಅವಳ ತಪ್ಪಲ್ಲ. ಓರ್ಸ್ಟೆಡ್‌ಗಿಂತ ಮುಂಚಿನವರನ್ನು ಕಾಡಿದ್ದೂ ಇಂಥದ್ದೇ: ಕೆಲವರು ತಂತಿಯನ್ನು ಅಡ್ಡಡ್ಡ ಹಿಡಿದರು, ಕೆಲವರು ಬ್ಯಾಟರಿಯ ಎರಡು ತುದಿಗಳನ್ನು ಕೂಡಿಸದೆಯೇ, ಅಂದರೆ ಕರೆಂಟು ಹರಿಸದೆಯೇ, ಕಾಂತ ಹುಡುಕಿದರು.

ಮುಂದಿನದು ಲೆಕ್ಕ. ಹೆದರಬೇಡಿ, ಒಂದೇ ಸೂತ್ರ ಸಾಕು. ಒಂಟಿ, ಉದ್ದ, ನೇರ ತಂತಿಯಲ್ಲಿ 1 ಆಂಪಿಯರ್ ಹರಿದರೆ 1 ಸೆಂಟಿಮೀಟರ್ ದೂರದಲ್ಲಿ ಕಾಂತಕ್ಷೇತ್ರ 20 ಮೈಕ್ರೋಟೆಸ್ಲಾ. ಆಂಪಿಯರ್ ಎರಡು ಪಟ್ಟಾದರೆ ಅದೂ ಎರಡು ಪಟ್ಟು. ದೂರ ಹತ್ತು ಪಟ್ಟಾದರೆ ಅದು ಹತ್ತರಲ್ಲಿ ಒಂದು ಪಾಲು. ನಮ್ಮ ಕರ್ನಾಟಕದಲ್ಲಿ ಭೂಮಿ ಮುಳ್ಳನ್ನು ಉತ್ತರಕ್ಕೆ ಜಗ್ಗುವ ಬಲ, ಅಂದರೆ ಭೂಕಾಂತಕ್ಷೇತ್ರದ ಮಟ್ಟಸ ಭಾಗ, ಸುಮಾರು 40 ಮೈಕ್ರೋಟೆಸ್ಲಾ. ಟಾರ್ಚಿನ ಸೆಲ್ಲಿನ ಎರಡು ತುದಿಗೆ ಬರಿಯ ವೈರ್ ಮುಟ್ಟಿಸಿದರೆ ಒಂದೆರಡು ಆಂಪಿಯರ್ ಹರಿಯುತ್ತದೆ. 2 ಆಂಪಿಯರ್ ಎಂದುಕೊಳ್ಳಿ, ವೈರ್ ಮುಳ್ಳಿಗಿಂತ 1 ಸೆಂಟಿಮೀಟರ್ ಮೇಲೆ. ಎರಡು ಇಪ್ಪತ್ತು ನಲವತ್ತು. ಭೂಮಿಗೂ ಒಂದು ಸೆಲ್ಲಿಗೂ ಸರಿಸಮ ಜಗ್ಗಾಟ! ಮುಳ್ಳು ಸರಿಯಾಗಿ 45 ಡಿಗ್ರಿಗೆ ನಿಲ್ಲಬೇಕು. ಅದೇ ವೈರನ್ನು 10 ಸೆಂಟಿಮೀಟರ್ ಮೇಲಕ್ಕೆ ಎತ್ತಿದರೆ 6 ಡಿಗ್ರಿಗೆ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ ಅರ್ಧ ಡಿಗ್ರಿಯ ಆಸುಪಾಸು, ಅಂದರೆ ಕಣ್ಣಿಗೆ ಕಾಣದು.

ಗಮನಿಸಿ, ಈ ಲೆಕ್ಕದಲ್ಲಿ ವೋಲ್ಟ್ ಎಂಬ ಮಾತೇ ಬರಲಿಲ್ಲ. ನಿಮ್ಮ ಆತಂಕದ ಬೇರು ಇಲ್ಲಿದೆ: ಒಂದೂವರೆ ವೋಲ್ಟ್ ಇಷ್ಟು ಮಾಡಿದರೆ 230 ವೋಲ್ಟ್ ನೂರೈವತ್ತು ಪಟ್ಟು ಮಾಡಬೇಕಲ್ಲವೇ ಎಂದು. ವೋಲ್ಟ್ ಎಷ್ಟಿದೆ ಎಂದು ಮುಳ್ಳು ಕೇಳುವುದಿಲ್ಲ, ಆಂಪಿಯರ್ ಎಷ್ಟು ಹರಿಯುತ್ತಿದೆ ಎಂದಷ್ಟೇ ಕೇಳುತ್ತದೆ. 230 ವೋಲ್ಟಿನಲ್ಲಿ ಉರಿಯುವ ನಿಮ್ಮ 9 ವಾಟಿನ ಎಲ್‌ಇಡಿ ಬಲ್ಬು ಎಳೆಯುವುದು 0.04 ಆಂಪಿಯರ್ ಆಸುಪಾಸು. ಫ್ಯಾನಿಗೆ 0.3. ಇಡೀ ಮನೆಯಲ್ಲಿ ಗೀಸರ್ ಒಂದೇ 9 ಆಂಪಿಯರಿನ ಹತ್ತಿರ ಹೋಗುವ ಗಟ್ಟಿ ಕುಳ. (ನಿಮ್ಮ ಎಂಸಿಬಿಯ ಮೇಲೆ 16, 32 ಎಂದು ಬರೆದಿರುವುದು ಆಂಪಿಯರ್ ಲೆಕ್ಕ. ಓರ್ಸ್ಟೆಡ್‌ರ ಪ್ರಯೋಗವನ್ನು 1820ರ ಸೆಪ್ಟೆಂಬರ್ 11ರಂದು ಪ್ಯಾರಿಸ್ಸಿನ ಅಕಾಡೆಮಿಯಲ್ಲಿ ತೋರಿಸಿದರು; ಅದನ್ನು ಕಂಡ ಆಂಪಿಯರ್ ಎಂಬಾತ ಒಂದೇ ವಾರದಲ್ಲಿ, 18ರಂದು, ತನ್ನ ಮೊದಲ ಪ್ರಬಂಧ ಓದಿದ. ನಮ್ಮ ವಿದ್ಯಾರ್ಥಿಗಳು ಪ್ರಯೋಗದ ರೆಕಾರ್ಡ್ ಬರೆಯಲು ಎರಡು ವಾರ ಕೇಳುತ್ತಿದ್ದರು.)

ಗೀಸರಿನ 9–10 ಆಂಪಿಯರ್ ಕಡಿಮೆಯಲ್ಲ ಎಂದು ನೀವು ಹೇಳಬಹುದು. ಗೋಡೆಯಿಂದ ಒಂದಡಿ ದೂರದಲ್ಲಿ ಒಂಟಿ ತಂತಿಯ 10 ಆಂಪಿಯರ್ ಸುಮಾರು 7 ಮೈಕ್ರೋಟೆಸ್ಲಾ ಕೊಡುತ್ತದೆ, ಮುಳ್ಳು 9 ಡಿಗ್ರಿ ಸರಿಯಬೇಕು. ಆದರೆ ನಿಜವಾದ ಮನೆಯಲ್ಲಿ ಸರಿಯುವುದಿಲ್ಲ, ಎರಡು ಕಾರಣಗಳಿಗೆ.

ಒಂದು, ಆ ತಂತಿ ಒಂಟಿಯಾಗಿರುವುದಿಲ್ಲ. ಫೇಸ್ ತಂತಿಯಲ್ಲಿ ಹೋದ ಕರೆಂಟು ಪಕ್ಕದ ನ್ಯೂಟ್ರಲ್ ತಂತಿಯಲ್ಲಿ ವಾಪಸು ಬರುತ್ತದೆ. ಎರಡೂ ಒಂದೇ ಪೈಪಿನೊಳಗೆ ಮೈಗೆ ಮೈ ತಾಗಿಸಿಕೊಂಡು ಮಲಗಿರುತ್ತವೆ. ಒಂದರ ಸುತ್ತ ಎತ್ತು ಬಲಕ್ಕೆ ಸುತ್ತಿದರೆ ಇನ್ನೊಂದರ ಸುತ್ತ ಎಡಕ್ಕೆ. ಸ್ವಲ್ಪ ದೂರ ನಿಂತವರಿಗೆ ಎರಡೂ ಕಳೆದುಹೋಗುತ್ತವೆ. ತಂತಿಗಳ ನಡುವೆ 5 ಮಿಲಿಮೀಟರ್ ಅಂತರವಿದ್ದರೆ ಅದೇ ಒಂದಡಿ ದೂರದಲ್ಲಿ ಉಳಿಯುವುದು ಸುಮಾರು 0.1 ಮೈಕ್ರೋಟೆಸ್ಲಾ, ಭೂಮಿಯ ನಾನೂರರಲ್ಲಿ ಒಂದು ಪಾಲು.

ಎರಡು, ಮನೆಯ ಕರೆಂಟು ಎಸಿ. ಸೆಕೆಂಡಿಗೆ 50 ಆವರ್ತ; ಪ್ರತಿ ಆವರ್ತದಲ್ಲಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ದಿಕ್ಸೂಚಿಯ ಮುಳ್ಳನ್ನು ಬೆರಳಿನಿಂದ ತಟ್ಟಿ ನೋಡಿ, ಒಂದು ಓಲಾಟಕ್ಕೆ ಸೆಕೆಂಡಿನಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಜೋಕಾಲಿಯಲ್ಲಿ ಕೂತ ಮಗುವನ್ನು ಸೆಕೆಂಡಿಗೆ ಐವತ್ತು ಸಲ ಮುಂದಕ್ಕೂ ಹಿಂದಕ್ಕೂ ದೂಡಿದರೆ ಜೋಕಾಲಿ ಎಲ್ಲಿಗೆ ಹೋದೀತು? ಇದ್ದಲ್ಲೇ ಇರುತ್ತದೆ, ಹೆಚ್ಚೆಂದರೆ ಮೈ ನಡುಗೀತು. ರಸ್ತೆಯ 11 ಕೆವಿ ಲೈನಿಗೂ ಇದೇ ಮಾತು. ಅದರಲ್ಲಿ 100 ಆಂಪಿಯರ್ ಹರಿಯುತ್ತಿದೆ, 7 ಮೀಟರ್ ಎತ್ತರದಲ್ಲಿದೆ ಎಂದುಕೊಂಡರೂ ಒಂಟಿ ತಂತಿಯ ಲೆಕ್ಕಕ್ಕೆ 3 ಮೈಕ್ರೋಟೆಸ್ಲಾ ದಾಟುವುದಿಲ್ಲ. ಮೇಲಾಗಿ ಅಲ್ಲಿರುವುದು ಒಂದಲ್ಲ, ಮೂರು ಫೇಸ್, ಮೂರೂ ಒಂದನ್ನೊಂದು ಬಹುಮಟ್ಟಿಗೆ ಅಳಿಸುತ್ತವೆ. ಮೇಲಾಗಿ ಅದೂ ಎಸಿ.

ಹೀಗಾಗಿ ಮುಳ್ಳು ಸರಿಯಬೇಕಾದರೆ ತಂತಿಯಲ್ಲಿ ಕರೆಂಟು ಹರಿಯಬೇಕು, ಒಂದೇ ದಿಕ್ಕಿಗೆ ಹರಿಯಬೇಕು, ಒಂಟಿಯಾಗಿ ಹರಿಯಬೇಕು, ಹತ್ತಿರದಲ್ಲಿ ಹರಿಯಬೇಕು. ನಿಮ್ಮ ಮಗಳ ಮೇಜಿನ ಮೇಲೆ ನಾಲ್ಕೂ ಇದ್ದವು. ನಿಮ್ಮ ಬಾಗಿಲ ಬಳಿ ಮೊನ್ನೆ ಒಂದೂ ಇರಲಿಲ್ಲ.

ಹಾಗಾದರೆ ಆ 25 ಡಿಗ್ರಿ ಯಾರ ಕೆಲಸ? ಪಾಯ ತೆಗೆಯುವಾಗ ಇಲ್ಲದೆ ಈಗ ಬಂದಿರುವುದು ವೈರಿಂಗ್ ಒಂದೇ ಅಲ್ಲ. ಬಾಗಿಲ ಪಕ್ಕದ ಪಿಲ್ಲರಿನಲ್ಲಿ ಏನಿದೆ? ಟಿಎಂಟಿ ಸರಳುಗಳು, ಅವುಗಳಿಗೆ ಸುತ್ತಿದ ರಿಂಗುಗಳು, ಮೇಲೆ ಬೀಮು, ಲಿಂಟಲ್. ಜೊತೆಗೆ ಕಿಟಕಿಯ ಗ್ರಿಲ್ಲು, ಕಬ್ಬಿಣದ ಗೇಟು, ಮೀಟರ್ ಬೋರ್ಡಿನ ತಗಡಿನ ಪೆಟ್ಟಿಗೆ. ಕಬ್ಬಿಣ ಭೂಮಿಯ ಕಾಂತಕ್ಷೇತ್ರವನ್ನು ತನ್ನ ಕಡೆ ಬಾಗಿಸಿಕೊಳ್ಳುತ್ತದೆ, ಅಷ್ಟೇ ಅಲ್ಲ, ತಾನೇ ಸಣ್ಣ ಅಯಸ್ಕಾಂತವೂ ಆಗಿರುತ್ತದೆ. ಕಮ್ಮಾರ ಉತ್ತರ-ದಕ್ಷಿಣಕ್ಕೆ ಇಟ್ಟು ಬಡಿದ ಕಬ್ಬಿಣ ಕಾಂತವಾಗುತ್ತದೆ ಎಂದು ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟ್ 1600ರಲ್ಲೇ ತೋರಿಸಿದ್ದ. ಸರಳು ಲಾರಿಯಿಂದ ಬೀಳುತ್ತದೆ, ಬಾಗಿಸಿಕೊಳ್ಳುತ್ತದೆ, ಏಟು ತಿನ್ನುತ್ತದೆ. ಗ್ರಿಲ್ಲಿಗೆ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ) ವೆಲ್ಡಿಂಗ್ ಆಗಿದ್ದರೆ ನೂರಾರು ಆಂಪಿಯರ್ ಅದರ ಮೈಮೇಲೆ ಹರಿದುಹೋಗಿರುತ್ತದೆ. ಕರೆಂಟು ಹೋದರೂ ಕಬ್ಬಿಣ ಸ್ವಲ್ಪ ಕಾಂತವನ್ನು ಉಳಿಸಿಕೊಳ್ಳುತ್ತದೆ. ವೈರಿಂಗಿನ ಮೇಲಿನ ಆರೋಪದಲ್ಲಿ ನಿಜದ ಎಳೆ ಏನಾದರೂ ಇದ್ದರೆ ಇಷ್ಟೇ, ಅದೂ ವೆಲ್ಡರಿಗೆ ಸಲ್ಲಬೇಕಾದದ್ದು, ಎಲೆಕ್ಟ್ರಿಷಿಯನ್‌ಗಲ್ಲ.

ಪ್ರಯೋಗಾಲಯದಲ್ಲಿ ಟ್ಯಾಂಜೆಂಟ್ ಗ್ಯಾಲ್ವನೋಮೀಟರ್ ಎಂಬ ಉಪಕರಣವಿತ್ತು. ದೊಡ್ಡ ತಾಮ್ರದ ಸುರುಳಿ, ನಡುವೆ ಚಿಕ್ಕ ದಿಕ್ಸೂಚಿ. ಕರೆಂಟು ಎಷ್ಟೆಂದು ಮುಳ್ಳು ಸರಿದ ಕೋನದಿಂದ ಅಳೆಯುವುದು. ಒಂದು ವರ್ಷ ಒಂದು ಮೇಜಿನ ಹುಡುಗನ ರೀಡಿಂಗ್ ಮಾತ್ರ ದಿನವೂ ತಪ್ಪುತ್ತಿತ್ತು. ಕರೆಂಟನ್ನು ಒಂದು ಕಡೆಗೆ ಹರಿಸಿದರೆ 47, ತಿರುಗಿಸಿ ಹರಿಸಿದರೆ 39. ಉಪಕರಣ ಬದಲಿಸಿದೆವು, ಬ್ಯಾಟರಿ ಬದಲಿಸಿದೆವು, ಹುಡುಗನನ್ನು ಎರಡು ಸಲ ಬೈದೆ ಕೂಡ. ಕೊನೆಗೆ ಅಟೆಂಡರ್ ಬಂದು ಮೇಜಿನ ಮೇಲಿದ್ದ ಹುಡುಗನ ಜಾಮೆಟ್ರಿ ಬಾಕ್ಸನ್ನು ಎತ್ತಿ ಕಿಟಕಿಯ ಮೇಲೆ ಇಟ್ಟರು. ರೀಡಿಂಗ್ ಸರಿಹೋಯಿತು. ಒಂದು ತಗಡಿನ ಡಬ್ಬಿ, ಒಳಗೆ ಒಂದು ಕೈವಾರ. ಪಿಲ್ಲರಿನಲ್ಲಿ ಎಷ್ಟು ಕೆಜಿ ಕಬ್ಬಿಣವಿದೆ ಎಂದು ನಿಮ್ಮ ಮೇಸ್ತ್ರಿಯನ್ನು ಕೇಳಿ.

ಮೊಬೈಲಿನ ಕತೆ ಬೇರೆ. ಅದರೊಳಗೆ ಮುಳ್ಳಿಲ್ಲ, ಕಾಂತಕ್ಷೇತ್ರ ಅಳೆಯುವ ಪುಟ್ಟ ಚಿಪ್ಪಿದೆ; ಪಕ್ಕದಲ್ಲೇ ಸ್ಪೀಕರಿನ ಅಯಸ್ಕಾಂತವೂ ಇದೆ. ಕವರಿನ ಮುಚ್ಚಳದಲ್ಲಿ ಅಯಸ್ಕಾಂತವಿದ್ದರೆ ಅದು ತೋರಿಸುವ ಉತ್ತರಕ್ಕೆ ಅರ್ಥವಿಲ್ಲ. ಕವರ್ ತೆಗೆದು, ಬಯಲಿನಲ್ಲಿ ನಿಂತು, ಗಾಳಿಯಲ್ಲಿ ಇಂಗ್ಲಿಷ್ ಎಂಟರ ಆಕಾರದಲ್ಲಿ ನಾಲ್ಕೈದು ಸಲ ಬೀಸಿ ಆಮೇಲೆ ನೋಡಿ. ಇನ್ನೊಂದು ಮಾತು: ಮೊಬೈಲನ್ನೂ ದಿಕ್ಸೂಚಿಯನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡು ಓಡಾಡುವವರ ದಿಕ್ಸೂಚಿಯ ಧ್ರುವಗಳೇ ಅದಲುಬದಲಾಗುವುದುಂಟು. ಉತ್ತರವನ್ನೇ ದಕ್ಷಿಣವೆಂದು ತೋರಿಸುವ ದಿಕ್ಸೂಚಿಗಳನ್ನು ನಾನೇ ನೋಡಿದ್ದೇನೆ.

ಕರೆಂಟು ನಿಜಕ್ಕೂ ಮುಳ್ಳನ್ನು ಹಾಳುಮಾಡುವ ಜಾಗಗಳೂ ಇವೆ, ಅವುಗಳನ್ನು ಮುಚ್ಚಿಡುವುದು ಸರಿಯಲ್ಲ. ಮುಂಬೈಯ ಕೊಲಾಬಾದಲ್ಲಿ 19ನೇ ಶತಮಾನದಿಂದ ಭೂಕಾಂತಕ್ಷೇತ್ರ ಅಳೆಯುವ ವೀಕ್ಷಣಾಲಯವಿತ್ತು. ಕುದುರೆ ಎಳೆಯುತ್ತಿದ್ದ ಟ್ರಾಮುಗಳನ್ನು ವಿದ್ಯುತ್ ಟ್ರಾಮು ಮಾಡುವ ಯೋಜನೆ ಬಂದಾಗ, ಆ ಡಿಸಿ ಕರೆಂಟಿನ ಪಕ್ಕದಲ್ಲಿ ಸೂಕ್ಷ್ಮ ಅಳತೆ ಸಾಧ್ಯವಿಲ್ಲವೆಂದು ಕಾಂತ ವಿಭಾಗವನ್ನು ಕೊಲ್ಲಿಯಾಚೆಯ ಅಲಿಬಾಗಿಗೆ ಸಾಗಿಸಿದರು. ಹಳೆಯ ದಾಖಲೆಯ ಸರಣಿ ಕಡಿಯದಿರಲೆಂದು 1904ರಿಂದ 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದರು. ಟ್ರಾಮು 1907ರಲ್ಲಿ ಓಡಿತು. ಬೆಂಗಳೂರಿನ ಮೆಟ್ರೊ ಮೂರನೇ ಹಳಿಯಿಂದ 750 ವೋಲ್ಟ್ ಡಿಸಿ ಪಡೆಯುತ್ತದೆ. ರೈಲಿನೊಳಗೆ ಮೊಬೈಲ್ ದಿಕ್ಸೂಚಿ ಹುಚ್ಚೆದ್ದು ಕುಣಿಯುವುದರಲ್ಲಿ ಬೋಗಿಯ ಉಕ್ಕಿನ ಜೊತೆಗೆ ಆ ಕರೆಂಟಿನ ಪಾಲೂ ಇದೆ. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಬರುವ ಸುಮಾರು 1,370 ಕಿ.ಮೀ. ಉದ್ದದ 500 ಕೆವಿ ಲೈನು ಡಿಸಿ, ಪೂರ್ತಿ ಹೊರೆಯಲ್ಲಿ 2,000 ಆಂಪಿಯರ್ ಮಟ್ಟದ್ದು. ಅದರ ನೇರ ಅಡಿಯಲ್ಲಿ ನಿಂತರೆ ಮುಳ್ಳು ಕೆಲವು ಡಿಗ್ರಿ ಸರಿಯಬಹುದು. ನಿಮ್ಮ ರಸ್ತೆಯ 11 ಕೆವಿ ಆ ಜಾತಿಯದ್ದಲ್ಲ.

ಮನೆಯೊಳಗೆ ಇಂಥ ಒಂದೇ ಜಾಗ ಬರಬಹುದು: ಇನ್ವರ್ಟರಿನ ಬ್ಯಾಟರಿ. ಕರೆಂಟು ಹೋದಾಗ 800 ವಾಟ್ ಹೊರೆಯನ್ನು 12 ವೋಲ್ಟ್ ಬ್ಯಾಟರಿ ಹೊರಬೇಕಾದರೆ ಅದರ ದಪ್ಪ ಕೇಬಲಿನಲ್ಲಿ 65 ಆಂಪಿಯರಿಗಿಂತ ಹೆಚ್ಚು ಡಿಸಿ ಹರಿಯುತ್ತದೆ. ಕೆಂಪು ಮತ್ತು ಕಪ್ಪು ಕೇಬಲು ದೂರ ದೂರ ಹೋಗಿದ್ದರೆ ಒಂದಡಿ ದೂರದ ದಿಕ್ಸೂಚಿ ಭೂಮಿಯ ಮಾತನ್ನು ಬಿಟ್ಟು ಬ್ಯಾಟರಿಯ ಮಾತನ್ನೇ ಕೇಳುತ್ತದೆ. ಮುಂದೆ ಚಾವಣಿಯ ಮೇಲೆ ಸೌರಫಲಕ ಹಾಕಿಸಿದರೆ ಅಲ್ಲಿಂದ ಇಳಿಯುವುದೂ ಡಿಸಿ. ಅದರ ಎರಡು ಕೇಬಲುಗಳನ್ನು ಜೊತೆಜೊತೆಯಾಗಿಯೇ ಇಳಿಸಲು ಹೇಳಿ. ಇದು ಮುಳ್ಳಿಗಾಗಿ ಅಲ್ಲ. ಎರಡರ ನಡುವೆ ಅಗಲವಾದ ಕುಣಿಕೆ ಬಿಟ್ಟರೆ ಹತ್ತಿರದಲ್ಲೆಲ್ಲೋ ಸಿಡಿಲು ಬಡಿದಾಗ ಆ ಕುಣಿಕೆಯಲ್ಲಿ ವೋಲ್ಟೇಜು ಉಕ್ಕಿ ಇನ್ವರ್ಟರನ್ನು ಸುಡುತ್ತದೆ.

ಆರೋಗ್ಯದ ಪ್ರಶ್ನೆಗೆ ಚಿಕ್ಕ ಉತ್ತರ, ನಾನು ವೈದ್ಯನಲ್ಲ. 50 ಹರ್ಟ್ಸ್ ಕಾಂತಕ್ಷೇತ್ರಕ್ಕೆ ಜನಸಾಮಾನ್ಯರ ಮಿತಿಯೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ 2010ರಲ್ಲಿ ಇಟ್ಟಿರುವುದು 200 ಮೈಕ್ರೋಟೆಸ್ಲಾ. ಮೇಲೆ ಲೆಕ್ಕ ಹಾಕಿದಂತೆ ಸರಿಯಾಗಿ ಜೋಡಿಸಿದ ವೈರ್ ಒಂದಡಿ ದೂರದಲ್ಲಿ ಕೊಡುವುದು 0.1ರ ಆಸುಪಾಸು, ಅದೂ ಗೀಸರಿನಂಥ ಹೊರೆ ಇದ್ದರೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2002ರಲ್ಲಿ ಈ ಬಗೆಯ ಕ್ಷೇತ್ರಗಳನ್ನು ‘ಕ್ಯಾನ್ಸರಿಗೆ ಕಾರಣವಾಗುವ ಸಾಧ್ಯತೆ ಇರಬಹುದು’ ಎಂಬ 2ಬಿ ಪಟ್ಟಿಗೆ ಸೇರಿಸಿದ್ದು ನಿಜ. ಆ ಪಟ್ಟಿಗೆ ಸಾಕ್ಷ್ಯ ಸೀಮಿತ, ರುಜುವಾತಾಗಿಲ್ಲ ಎಂದೇ ಅರ್ಥ. ಅಷ್ಟಾಗಿಯೂ ಮನಸ್ಸು ಒಪ್ಪದಿದ್ದರೆ ಮಂಚವನ್ನು ಗೋಡೆಯಿಂದ ಒಂದಡಿ ಈಚೆಗೆ ಎಳೆಯಿರಿ. ಖರ್ಚಿಲ್ಲ.

ಬೋರ್ಡು ಬದಲಿಸಬೇಕೇ ಎಂಬುದಕ್ಕೆ ಬರುತ್ತೇನೆ. ಮುಳ್ಳಿನ ಕಾರಣಕ್ಕಾಗಿ ಬೇಡ. ಬದಲಿಸಿದರೂ ಪಿಲ್ಲರ್ ಅಲ್ಲೇ ಇರುತ್ತದೆ, ಮುಳ್ಳು ಆಗಲೂ ಸರಿದೇ ನಿಲ್ಲುತ್ತದೆ. ಆಗ ಇನ್ನೇನು ಒಡೆಯಲು ಹೇಳುತ್ತಾರೋ. ಜೊತೆಗೆ ಬೋರ್ಡು ಸಾಗಿಸುವುದು ಬರಿಯ 40 ಸಾವಿರದ ಮಾತಲ್ಲ. ಈಗ ಬೋರ್ಡಿಗೆ ಬಂದು ಸೇರಿರುವ ಪ್ರತಿಯೊಂದು ಸರ್ಕ್ಯೂಟೂ ಹೊಸ ಜಾಗದವರೆಗೆ ಉದ್ದವಾಗಬೇಕು. ಹೊಸ ವೈರ್ ಎಳೆಯದೆ, ಈಗಿರುವ ವೈರಿಗೇ ತುಂಡು ಕೂಡಿಸಿ ಗೋಡೆಯೊಳಗೆ ಹೂತರೆ ಆ ಜಾಯಿಂಟು ಮುಂದೊಂದು ದಿನ ಸಡಿಲಾಗಿ ಬಿಸಿಯಾಗುತ್ತದೆ. ಬೇಸಿಗೆಯಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದಾಗ ಯಾವ ಗೋಡೆ ಒಡೆಯುವುದೆಂದು ತಿಳಿಯುವುದಿಲ್ಲ. ಮೂರು ವಾರದ ಅವಸರದಲ್ಲಿ ಇಂಥ ಕೆಲಸ ಚೆನ್ನಾಗಿ ಆದದ್ದನ್ನು ನಾನು ಕಂಡಿಲ್ಲ. ಮೀಟರ್ ಬರುವ ಹೊತ್ತಿಗೆ ಜಾಗ ಬದಲಾದರೆ ಮತ್ತೆ ಪರಿಶೀಲನೆ, ಮತ್ತೆ ಅರ್ಜಿ. ಇನ್ನು ಆಗ್ನೇಯದಲ್ಲಿ ಅಗ್ನಿ ಇರಬೇಕೆಂಬ ನಂಬಿಕೆ ನಿಮ್ಮ ಮನೆಯವರಿಗೆ ಮುಖ್ಯವಾಗಿದ್ದು, ಅದಕ್ಕಾಗಿಯೇ ಬದಲಿಸುವುದಾದರೆ ಅದು ನಿಮ್ಮ ಆಯ್ಕೆ, ನಾನು ಬೇಡವೆನ್ನುವುದಿಲ್ಲ. ಹಾಗೆ ಮಾಡುವುದಾದರೆ ಗೃಹಪ್ರವೇಶ ಮುಗಿಯಲಿ, ಪರವಾನಗಿ ಇರುವ ಗುತ್ತಿಗೆದಾರರಿಂದ, ಗೋಡೆಯೊಳಗೆ ಜಾಯಿಂಟು ಇಲ್ಲದ ಹೊಸ ವೈರ್ ಎಳೆಸಿ, ಅರ್ಥಿಂಗ್ ಮರುಪರೀಕ್ಷೆ ಮಾಡಿಸಿ. ಮುಳ್ಳಿನ ನೆಪ ಮಾತ್ರ ಬೇಡ.

ನಿಜವಾದ ದಿಕ್ಕು ಯಾವುದೆಂದು ನಿಮಗೆ ನೆಮ್ಮದಿಯಾಗಬೇಕಲ್ಲ. ಅದಕ್ಕೆ ದಿಕ್ಸೂಚಿಯನ್ನೇ ನಂಬಬೇಕಾಗಿಲ್ಲ. ವಾಸ್ತುವಿನ ಹಳೆಯ ವಿಧಾನದಲ್ಲೇ ದಿಕ್ಸೂಚಿಯಿಲ್ಲ; ಶುಲ್ಬಸೂತ್ರಗಳ ಕಾಲದಿಂದ ಬಂದ ಶಂಕುವಿನ ವಿಧಾನವಿದೆ. ಚಾವಣಿಯ ಮೇಲೆ ಮಟ್ಟಸವಾದ ಜಾಗದಲ್ಲಿ ಒಂದು ನೇರ ಕಡ್ಡಿಯನ್ನು ತೂಗುಗುಂಡು ನೋಡಿ ನಿಲ್ಲಿಸಿ. ಅದರ ಬುಡವನ್ನು ಕೇಂದ್ರವಾಗಿ ಇಟ್ಟುಕೊಂಡು ಸುಣ್ಣದಲ್ಲಿ ಒಂದು ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ಹೊರಗಿನಿಂದ ಒಳಕ್ಕೆ ಬರುವಾಗ ವೃತ್ತವನ್ನು ಎಲ್ಲಿ ಮುಟ್ಟುತ್ತದೋ ಅಲ್ಲೊಂದು ಗುರುತು, ಮಧ್ಯಾಹ್ನದ ಮೇಲೆ ಹೊರಕ್ಕೆ ಹೋಗುವಾಗ ಎಲ್ಲಿ ಮುಟ್ಟುತ್ತದೋ ಅಲ್ಲೊಂದು. ಎರಡನ್ನೂ ಸೇರಿಸಿದ ಗೆರೆ ಪೂರ್ವ-ಪಶ್ಚಿಮ. ಕಬ್ಬಿಣವಿರಲಿ ಕರೆಂಟಿರಲಿ ನೆರಳಿಗೆ ಲೆಕ್ಕವಿಲ್ಲ. ನಡುಹಗಲಿನ ನೆರಳು ಉತ್ತರಕ್ಕೇ ಬೀಳುತ್ತದೆ ಎಂದುಕೊಂಡು ಅಡ್ಡದಾರಿ ಹಿಡಿಯಬೇಡಿ. ದಾವಣಗೆರೆಯ ಕಡೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಅದು ದಕ್ಷಿಣಕ್ಕೆ ಬೀಳುತ್ತದೆ. ದಿಕ್ಸೂಚಿಯಲ್ಲೇ ನೋಡಬೇಕೆಂದರೆ ರಸ್ತೆಯ ಆಚೆ, ಗೇಟು, ಕಾರು, ಕಂಬ ಎಲ್ಲದರಿಂದ ಆದಷ್ಟು ದೂರ ಹೋಗಿ, ಮನೆಯ ಗೋಡೆಯ ಸಾಲಿಗೆ ಹಗ್ಗ ಹಿಡಿದು ನೋಡಿ. ನಮ್ಮ ಭಾಗದಲ್ಲಿ ಕಾಂತ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸವಿಲ್ಲ. ಕುದುರೆಮುಖ, ಬಾಬಾಬುಡನ್‌ಗಿರಿಯಂಥ ಮ್ಯಾಗ್ನಟೈಟ್ ಅದಿರಿನ ಬೆಟ್ಟಗಳ ಮೇಲೆ ಮಾತ್ರ ಆ ಭರವಸೆ ಕೊಡಲಾರೆ.

ವಾಸ್ತು ನೋಡುವವರ ಜೊತೆ ಜಗಳ ಬೇಡ. ಅವರನ್ನೇ ಕರೆದು ದಿಕ್ಸೂಚಿಯನ್ನು ಪಿಲ್ಲರಿನ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ನಿಧಾನವಾಗಿ ಸಾಗಿಸಲು ಹೇಳಿ. ಮುಳ್ಳು ಹೆಜ್ಜೆಹೆಜ್ಜೆಗೆ ಬೇರೆ ಬೇರೆ ಕಡೆಗೆ ತಿರುಗುವುದನ್ನು ಅವರೇ ನೋಡಲಿ. ಆಮೇಲೆ ಮೀಟರ್ ಬಂದ ದಿನ ದಿಕ್ಸೂಚಿಯನ್ನು ಬೋರ್ಡಿನಿಂದ ಒಂದಡಿ ದೂರದ ಸ್ಟೂಲಿನ ಮೇಲೆ ಇಟ್ಟು (ಮರದ ಸ್ಟೂಲು, ದಯವಿಟ್ಟು), ಮೇನ್ ಸ್ವಿಚ್ ಹಾಕುವ ಮುಂಚೆ ಒಂದು ಸಲ, ಹಾಕಿ ಗೀಸರ್ ಚಾಲು ಮಾಡಿ ಇನ್ನೊಂದು ಸಲ ಓದಿ ಬರೆದಿಡಿ.

ಮಗಳಿಗೆ ಒಂದೆರಡು ಮಾತು. ಸೆಲ್ಲಿಗೆ ಬರಿಯ ವೈರ್ ಮುಟ್ಟಿಸಿದರೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು, ವೈರೂ ಸೆಲ್ಲೂ ಕಾಯುತ್ತವೆ. ಮೊಬೈಲಿನ ಲಿಥಿಯಂ ಬ್ಯಾಟರಿ, ಇನ್ವರ್ಟರ್ ಬ್ಯಾಟರಿಗಳಲ್ಲಿ ಇದನ್ನು ಎಂದೂ ಮಾಡಬಾರದು, ಬೆಂಕಿ ಹತ್ತುತ್ತದೆ. ಗೋಡೆಯ ಪ್ಲಗ್ಗಿನ ಮಾತಂತೂ ಬೇಡವೇ ಬೇಡ. ಸುರಕ್ಷಿತವಾಗಿ ಮಾಡಬೇಕಾದರೆ ಸರ್ಕ್ಯೂಟಿನಲ್ಲಿ ಒಂದು ಹಳೆಯ ತಂತಿಸುರುಳಿಯ ಟಾರ್ಚ್ ಬಲ್ಬು ಸೇರಿಸಲಿ. ಕರೆಂಟು 0.3 ಆಂಪಿಯರಿಗೆ ಇಳಿಯುತ್ತದೆ, ಮುಳ್ಳು ಅಷ್ಟಾಗಿ ಅಲುಗುವುದಿಲ್ಲ. ಆಗ ಅದೇ ವೈರನ್ನು ದಿಕ್ಸೂಚಿಯ ಡಬ್ಬಿಗೆ ಉತ್ತರ-ದಕ್ಷಿಣವಾಗಿ ಇಪ್ಪತ್ತು ಸುತ್ತು ಸುತ್ತಲಿ. ಪ್ರತಿ ಸುತ್ತೂ ಮೇಲೆ ಒಮ್ಮೆ, ಕೆಳಗೆ ಒಮ್ಮೆ ಹಾದುಹೋಗುತ್ತದೆ. ಕೆಳಗೆ ಹೋಗುವಾಗ ಕರೆಂಟಿನ ದಿಕ್ಕೂ ತಿರುಗಿರುವುದರಿಂದ ಎರಡೂ ಮುಳ್ಳನ್ನು ಒಂದೇ ಕಡೆಗೆ ದೂಡುತ್ತವೆ. ಓರ್ಸ್ಟೆಡ್‌ರ ಕಿರುಹೊತ್ತಿಗೆ ಬಂದ ಅದೇ ವರ್ಷ ಜರ್ಮನಿಯ ಶ್ವೈಗರ್ ಈ ಉಪಾಯ ಕಂಡುಕೊಂಡ. ಹತ್ತು ಸುತ್ತಿಗೆ ಎಷ್ಟು ಡಿಗ್ರಿ, ಇಪ್ಪತ್ತಕ್ಕೆ ಎಷ್ಟು ಎಂದು ಬರೆದು ನನಗೆ ಕಳುಹಿಸಲಿ. ಜಾಮೆಟ್ರಿ ಬಾಕ್ಸನ್ನು ಪಕ್ಕದ ಕೋಣೆಯಲ್ಲಿ ಇಟ್ಟು ಬಂದು ಮಾಡಲಿ.